ಸಾನ್‌ರಿಕು ಕಡಲ ದಾರಿಯಲ್ಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. 2024ರ ಜುಲೈ ರಜೆಯಲ್ಲಿ ನಮಗೆ ಜಪಾನ್ ಸುತ್ತುವ ಅವಕಾಶ ಸಿಕ್ಕಿತು. ಯೊಕೊಹಾಮಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಬಹಳ ದಿನಗಳಿಂದ ಕರೆಯುತ್ತಿದ್ದ. "ಟೋಕಿಯೋ, ಕ್ಯೋಟೋ ಎಲ್ಲರೂ ನೋಡ್ತಾರೆ. ಅಕ್ಕಾ, ನೀನು ಕುಂದಾಪುರದವಳು, ನಿನಗೆ ಕಡಲು ತೋರಿಸ್ತೇನೆ" ಎಂದು ಅವನು ಕರೆದುಕೊಂಡು ಹೋದದ್ದು ಈಶಾನ್ಯ ಜಪಾನಿನ ಸಾನ್‌ರಿಕು ಕರಾವಳಿಗೆ. ನಾನು, ನನ್ನ ಪತಿ, ಎಂಟನೇ ತರಗತಿಯ ಮಗಳು, ಮೂರನೇ ತರಗತಿಯ ಮಗ ಮತ್ತು ತಮ್ಮ. ಒಂದು ಬಾಡಿಗೆ ಕಾರು, ನಾಲ್ಕು ದಿನ.

ಶಿಂಕಾನ್ಸೆನ್ ರೈಲಿನಲ್ಲಿ ಸೆಂದಾಯ್ ನಗರ ತಲುಪಿ ಅಲ್ಲಿಂದ ಕಾರು ಹಿಡಿದೆವು. ಜಪಾನಿನಲ್ಲೂ ನಮ್ಮ ಊರಿನ ಹಾಗೆ ರಸ್ತೆಯ ಎಡಗಡೆ ಓಡಿಸಬೇಕು. ಕುವೈತ್‌ನಲ್ಲಿ ಬಲಗಡೆಗೇ ಒಗ್ಗಿಹೋದ ನನ್ನ ಪತಿ ಪ್ರತಿ ತಿರುವಿನಲ್ಲೂ ಸೀಟು ಬಿಗಿ ಹಿಡಿಯುತ್ತಿದ್ದರು! ಸೆಂದಾಯ್‌ನಿಂದ ಹಾಚಿನೊಹೆವರೆಗೆ 359 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2021ರ ಡಿಸೆಂಬರ್‌ನಲ್ಲಿ ಪೂರ್ತಿಯಾಗಿದೆ. ಆದರೆ ತಮ್ಮ ಆದಷ್ಟು ಹಳೆಯ 45ನೇ ನಂಬರಿನ ರಸ್ತೆಯನ್ನೇ ಹಿಡಿದ. ಒಂದು ಕಡೆ ದೇವದಾರುವಿನಂಥ ಮರಗಳ ಗುಡ್ಡ, ಇನ್ನೊಂದು ಕಡೆ ಪೆಸಿಫಿಕ್ ಸಾಗರ. ಬೆಟ್ಟಗಳ ನಡುವೆ ಕಡಲು ಬೆರಳು ಚಾಚಿದಂತೆ ಒಳಗೆ ಬಂದಿದೆ. ಪ್ರತಿ ಬೆರಳಿನ ತುದಿಯಲ್ಲೂ ಒಂದು ಊರು, ಒಂದು ಬಂದರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ನೋಡುತ್ತಾ ಬೆಳೆದ ನನಗೂ ಈ ದಾರಿ ಕಣ್ಣು ತುಂಬಿಸಿತು. ಕುವೈತ್‌ನ ಜುಲೈ ಬಿಸಿಲಿನಿಂದ ಬಂದ ನಮಗೆ ಕಡಲಿನಿಂದ ಬೀಸುವ ತಂಪು ಗಾಳಿಯೇ ದೊಡ್ಡ ಔತಣ.

ಮೊದಲ ದಿನ ಮಾತ್ಸುಶಿಮಾ. ಕೊಲ್ಲಿಯ ತುಂಬ ಸುಮಾರು 260 ದ್ವೀಪಗಳು, ಪ್ರತಿಯೊಂದರ ಮೇಲೂ ಪೈನ್ ಮರಗಳು. ಜಪಾನೀಯರು ತಮ್ಮ ದೇಶದ ಮೂರು ಅತಿ ಸುಂದರ ನೋಟಗಳಲ್ಲಿ ಇದನ್ನೂ ಒಂದೆಂದು ಎಣಿಸುತ್ತಾರೆ. ಮಗನಿಗೆ ಮಾತ್ರ ದ್ವೀಪಗಳಿಗಿಂತ ದೋಣಿ ಮುಖ್ಯವಾಗಿತ್ತು.

ಇನ್ನು ಊಟದ ವಿಷಯ. ನನ್ನ ಅಜ್ಜ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು. ನನ್ನ ಪತಿ ಮೈಸೂರಿನ ಕಡೆಯವರು, ಶುದ್ಧ ಸಸ್ಯಾಹಾರಿ. ಜಪಾನಿನಲ್ಲಿ ನನಗೆ ಹಬ್ಬ, ಅವರಿಗೆ ಏಕಾದಶಿ! ತರಕಾರಿ ಮಾತ್ರ ಕಾಣುವ ಸಾರಿನಲ್ಲೂ 'ದಾಶಿ' ಎಂಬ ತಿಳಿಯನ್ನು ಹಾಕಿರುತ್ತಾರೆ. ಅದನ್ನು ಸಾಮಾನ್ಯವಾಗಿ ಕಡಲಪಾಚಿ ಮತ್ತು ಒಣ ಮೀನಿನ ಚೂರುಗಳಿಂದ ಮಾಡುತ್ತಾರೆ. ಆದ್ದರಿಂದ ತಮ್ಮ ಪ್ರತಿ ಪೊಟ್ಟಣದ ಹಿಂದಿನ ಚೀಟಿ ಓದಿ ಭಾವನಿಗೆ ಆರಿಸಿಕೊಡುತ್ತಿದ್ದ. ಉಪ್ಪಿನಲ್ಲಿಟ್ಟ ಹುಳಿ ಹಣ್ಣನ್ನು ಒಳಗಿಟ್ಟ ಅನ್ನದ ಉಂಡೆ 'ಒನಿಗಿರಿ' ಅವರಿಗೆ ಮಿಡಿ ಉಪ್ಪಿನಕಾಯಿಯ ನೆನಪು ತಂದಿತು. ಸೆಂದಾಯ್ ಕಡೆಯ 'ಜುಂದಾ ಮೋಚಿ' ಕಂಡಾಗಲಂತೂ ಅವರ ಮುಖ ಅರಳಿತು. ಹಸಿರು ಸೋಯಾ ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಅರೆದು, ಅಂಟು ಅಕ್ಕಿಯ ಕಡುಬಿನ ಮೇಲೆ ಹಚ್ಚಿರುತ್ತಾರೆ. "ಇದು ಹೂರಣವೇ ಕಣೇ!" ಎಂದು ಎರಡು ತಟ್ಟೆ ಮುಗಿಸಿದರು. ನನಗೆ ಸಿಕ್ಕಿದ್ದು 'ಸಾಬಾ', ಅಂದರೆ ನಮ್ಮ ಬಂಗುಡೆಯ ದಾಯಾದಿ. ಮೆಣಸಿಲ್ಲ, ಹುಳಿಯಿಲ್ಲ, ಬರೀ ಉಪ್ಪು ಸವರಿ ಕೆಂಡದ ಮೇಲೆ ಸುಟ್ಟದ್ದು. ಮೀನು ತಾಜಾ ಇದ್ದರೆ ಮಸಾಲೆ ಯಾಕೆ ಎಂದು ಅಜ್ಜಿ ಹೇಳುತ್ತಿದ್ದುದು ನೆನಪಾಯಿತು.

ಅಲ್ಲಿಯ ಜನ ಊಟಕ್ಕೆ ಮೊದಲು ಕೈ ಜೋಡಿಸಿ 'ಇತದಾಕಿಮಾಸ್' ಎನ್ನುತ್ತಾರೆ. ತಲೆಬಾಗಿ ಸ್ವೀಕರಿಸುತ್ತೇನೆ ಎಂದು ಅರ್ಥ. ಮೀನು ಹಿಡಿದವನಿಗೆ, ಅಕ್ಕಿ ಬೆಳೆದವನಿಗೆ, ಅಡುಗೆ ಮಾಡಿದವರಿಗೆ, ಪ್ರಾಣ ಕೊಟ್ಟ ಮೀನಿಗೂ ಅದು ನಮಸ್ಕಾರ. ಎರಡೇ ದಿನಗಳಲ್ಲಿ ನಮ್ಮ ಮಕ್ಕಳೂ ಅದನ್ನು ಕಲಿತರು.

ಎರಡನೇ ದಿನ ಮಗಳು ಒಂದು ವಿಷಯ ಗಮನಿಸಿದಳು. ಇಳಿಜಾರು ಮುಗಿದು ಊರು ಬರುವಾಗ ರಸ್ತೆಯ ಬದಿಯಲ್ಲಿ ಒಂದು ಫಲಕ, ಊರು ದಾಟಿ ಮತ್ತೆ ಏರು ಬಂದಾಗ ಇನ್ನೊಂದು. "ಮಾಮಾ, ಏನು ಬರೆದಿದೆ?" ಎಂದು ಕೇಳಿದಳು. "ಹಿಂದೆ ಸುನಾಮಿ ನೀರು ನುಗ್ಗಿದ ಜಾಗ ಇಲ್ಲಿಂದ ಶುರು ಅಂತ ಮೊದಲನೆಯದು. ಇಲ್ಲಿಗೆ ಮುಗಿಯಿತು ಅಂತ ಎರಡನೆಯದು" ಎಂದ ತಮ್ಮ. ಆಮೇಲೆ ಕಾರಿನಲ್ಲಿ ಮಾತು ಕಡಿಮೆಯಾಯಿತು. ನಾವು ಹೊಗಳುತ್ತಾ ಬಂದ ಒಂದೊಂದು ಊರೂ ಆ ಎರಡು ಫಲಕಗಳ ನಡುವೆ ಇತ್ತು.

2011ರ ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9.0 ತೀವ್ರತೆಯ ಭೂಕಂಪ, ಅದರ ಹಿಂದೆಯೇ ಸುನಾಮಿ. 18 ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ರಿಕುಜೆನ್‌ತಕಾತಾ ಊರಿನ ದಡದಲ್ಲಿ ಸುಮಾರು 70 ಸಾವಿರ ಪೈನ್ ಮರಗಳಿದ್ದವು. ಉಳಿದು ನಿಂತದ್ದು ಒಂದೇ ಒಂದು. ಉಪ್ಪು ನೀರಿಗೆ ಬೇರು ಕೊಳೆತು ಅದೂ ಸತ್ತಿತು. ಆದರೂ ಜನ ಅದನ್ನು ಬಿಡದೆ, ಒಳಗೆ ಆಧಾರ ಕೊಟ್ಟು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಸುತ್ತಲೂ ಹೊಸ ಸಸಿಗಳನ್ನು ನೆಟ್ಟಿದ್ದಾರೆ.

ಮೂರನೇ ದಿನ ಕಾಮಾಯಿಶಿಯ ಉನೊಸುಮಾಯ್ ಎಂಬಲ್ಲಿಗೆ ಹೋದೆವು. ಇಲ್ಲಿ ಒಂದು ಪ್ರಾಥಮಿಕ ಶಾಲೆ, ಒಂದು ಮಾಧ್ಯಮಿಕ ಶಾಲೆ ಅಕ್ಕಪಕ್ಕದಲ್ಲಿದ್ದವು. ಸುನಾಮಿ ಇಲ್ಲಿಯವರೆಗೆ ಬರಲಾರದು ಎಂದು ಸರ್ಕಾರದ ನಕಾಶೆಯೇ ಹೇಳುತ್ತಿತ್ತು. ಭೂಮಿ ನಡುಗಿದೊಡನೆ ಮಾಧ್ಯಮಿಕ ಶಾಲೆಯ ಮಕ್ಕಳು ಗುಡ್ಡದ ಕಡೆ ಓಡಿದರು. ಪ್ರಾಥಮಿಕ ಶಾಲೆಯ ಮಕ್ಕಳು ಮೊದಲು ಮೇಲಿನ ಮಹಡಿಗೆ ಹತ್ತಿದ್ದರು. ದೊಡ್ಡವರು ಓಡುವುದನ್ನು ಕಂಡು ಇವರೂ ಓಡಿದರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲು ನಿಂತ ಜಾಗ ಸಾಲದೆಂದು ಕಂಡು ಇನ್ನೂ ಎತ್ತರಕ್ಕೆ ಹೋದರು. ನೀರು ಎರಡೂ ಶಾಲೆಗಳನ್ನು ಮುಳುಗಿಸಿತು. ಆದರೆ ಓಡಿದ ಸುಮಾರು 570 ಮಕ್ಕಳು ಬದುಕಿದರು. ಶಾಲೆಗಳಿದ್ದ ಜಾಗದಲ್ಲಿ ಕಟ್ಟಿದ ಕ್ರೀಡಾಂಗಣದಲ್ಲಿ 2019ರ ವಿಶ್ವಕಪ್ ರಗ್ಬಿಯ ಪಂದ್ಯ ನಡೆಯಿತು.

ಇದನ್ನು ಪವಾಡ ಎಂದು ಪತ್ರಿಕೆಗಳು ಬರೆದವು. ಆದರೆ ಆ ಮಕ್ಕಳು ವರ್ಷಗಳ ಕಾಲ ಅಭ್ಯಾಸ ಮಾಡಿದ್ದರು. ಆ ಕಡೆ 'ತೆಂದೆಂಕೊ' ಎಂಬ ಒಂದು ಮಾತಿದೆ. ಅವರವರು ಅವರವರಷ್ಟಕ್ಕೆ ಓಡಬೇಕು, ಒಬ್ಬರಿಗಾಗಿ ಒಬ್ಬರು ಕಾಯಬಾರದು ಎಂದು ಅರ್ಥ. ಕೇಳುವಾಗ ಕಲ್ಲೆದೆಯ ಮಾತು. ಅಲ್ಲಿನ ಮಕ್ಕಳಿಗೆ ಪಾಠ ಹೇಳಿದ ಪ್ರೊಫೆಸರ್ ತೊಶಿತಾಕಾ ಕತಾದಾ ಅವರು ಇನ್ನೊಂದು ಕೆಲಸವನ್ನೂ ಕೊಟ್ಟಿದ್ದರಂತೆ: ಮನೆಗೆ ಹೋಗಿ ಅಮ್ಮನಿಗೆ "ನಾನು ಖಂಡಿತ ಓಡಿರುತ್ತೇನೆ, ನೀನೂ ಓಡು" ಎಂದು ಹೇಳಬೇಕು, ಅಮ್ಮ ನಂಬುವ ತನಕ ಹೇಳಬೇಕು.

ಕಾರು ಹೊರಟ ಮೇಲೆ ಮಗಳು ಕೇಳಿದಳು: "ಅಮ್ಮಾ, ನೀನಾಗಿದ್ರೆ ನನ್ನನ್ನು ಹುಡುಕಿಕೊಂಡು ಸ್ಕೂಲಿಗೆ ಬರ್ತಿದ್ದೆ, ಅಲ್ವಾ?" ಯಾವ ತಾಯಿ ಇಲ್ಲ ಅಂತಾಳೆ? "ಬಾರದೆ ಇರ್ತೇನಾ ಮಗಾ" ಎಂದೆ. ಅವಳು ಏನೂ ಹೇಳಲಿಲ್ಲ.

ಕೊನೆಯ ದಿನ ಮಿಯಾಕೊ. ಜೋದೊಗಹಾಮಾ ಎಂಬ ದಡದಲ್ಲಿ ಬೆಳ್ಳನೆಯ ಬಂಡೆಗಳು, ಬೆಕ್ಕಿನ ಹಾಗೆ ಕೂಗುವ ಕಡಲಹಕ್ಕಿಗಳು. ಮಗ ಅವಕ್ಕೆ ಮಿಯಾವ್ ಎಂದು ಉತ್ತರ ಕೊಟ್ಟಿದ್ದೇ ಕೊಟ್ಟಿದ್ದು. ಆ ಊರಿನ ವ್ಯಾಪ್ತಿಯಲ್ಲೇ, ಒಂದು ಕಿರಿದಾದ ರಸ್ತೆಯ ಬದಿಯಲ್ಲಿ, ಅನೆಯೋಶಿಯ ಕಲ್ಲು ಇದೆ. 1896 ಮತ್ತು 1933ರ ಸುನಾಮಿಗಳಲ್ಲಿ ಊರೇ ಅಳಿದು, ಮೊದಲ ಸಲ ಇಬ್ಬರು, ಎರಡನೇ ಸಲ ನಾಲ್ವರು ಉಳಿದರಂತೆ. ಅವರು ನಿಲ್ಲಿಸಿದ ಕಲ್ಲಿನ ಮೇಲೆ ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿದೆ. ನಮ್ಮ ಊರಿನ ವೀರಗಲ್ಲುಗಳು ಸತ್ತವರನ್ನು ನೆನೆಯುತ್ತವೆ. ಈ ಕಲ್ಲು ಮುಂದೆ ಹುಟ್ಟುವವರೊಡನೆ ಮಾತಾಡುತ್ತದೆ. ಜನ ಆ ಮಾತು ಕೇಳಿದರು. 2011ರಲ್ಲಿ ನೀರು ಕಲ್ಲಿನ ಕೆಳಗೇ ನಿಂತಿತು, ಮೇಲಿನ ಮನೆಗಳಿಗೆ ಏನೂ ಆಗಲಿಲ್ಲ.

ಆದರೂ ಆ ಊರು ಒಬ್ಬ ತಾಯಿಯನ್ನೂ ಅವಳ ಮೂವರು ಮಕ್ಕಳನ್ನೂ ಕಳೆದುಕೊಂಡಿತು. ಭೂಕಂಪ ಆದ ಕೂಡಲೇ ಆಕೆ ಮಕ್ಕಳನ್ನು ಕರೆತರಲು ಶಾಲೆಗೆ ಧಾವಿಸಿದ್ದಳು. ಅವರನ್ನು ಕೂರಿಸಿಕೊಂಡು ತಗ್ಗಿನ ರಸ್ತೆಯಲ್ಲಿ ಮರಳುವಾಗ ನೀರು ಕಾರನ್ನು ಕೊಂಡೊಯ್ಯಿತು. ತಮ್ಮ ಇದನ್ನು ಹೇಳಿ ಮುಗಿಸಿದಾಗ ಮಗಳು ನನ್ನ ಕೈ ಹಿಡಿದುಕೊಂಡಳು. "ನಾನು ಓಡಿರ್ತೇನೆ ಅಮ್ಮಾ. ನೀನು ನಂಬಬೇಕು" ಎಂದಳು. ನಾನು ಹೂಂ ಎಂದೆ. ಅಷ್ಟು ಕಷ್ಟದ 'ಹೂಂ' ನಾನು ಜೀವನದಲ್ಲಿ ಅಂದಿಲ್ಲ.

ನನ್ನ ಅಮ್ಮ ಕುಂದಾಪುರದಲ್ಲಿ, ತಮ್ಮ ಜಪಾನಿನಲ್ಲಿ, ನಾವು ಇಲ್ಲಿ. ಪರದೇಶದಲ್ಲಿರುವ ನಮ್ಮೆಲ್ಲರ ಮನೆಗಳೂ ಹೀಗೆ ಹಂಚಿಹೋಗಿವೆ. ತೊಂದರೆ ಬಂದಾಗ ಎಲ್ಲರ ಹತ್ತಿರ ಓಡಿಹೋಗಲು ಆಗುವುದಿಲ್ಲ. ಅವರು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ ಎಂದು ನಂಬುವುದೂ ಒಂದು ಪ್ರೀತಿಯೇ. ಆ ನಂಬಿಕೆ ಮಾತ್ರ ಆ ಹೊತ್ತಿಗೆ ತಾನಾಗಿ ಹುಟ್ಟುವುದಿಲ್ಲ, ಮೊದಲೇ ಕೂತು ಮಾತಾಡಿ ಕಟ್ಟಿಕೊಳ್ಳಬೇಕು.

ಮಕ್ಕಳೇ, ಶಾಲೆಯಲ್ಲಿ ಫೈರ್ ಡ್ರಿಲ್ ಗಂಟೆ ಹೊಡೆದಾಗ ನಗುತ್ತಾ ನಡೆಯಬೇಡಿ. ಪಕ್ಕದಲ್ಲಿರುವ ಚಿಕ್ಕವರ ಕೈ ಹಿಡಿದುಕೊಳ್ಳಿ. ಪೋಷಕರೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಒಂದು ಮಾತು ಕೇಳಿ: ಫೋನ್ ಸಿಗದಿದ್ದರೆ ನಾವೆಲ್ಲ ಎಲ್ಲಿ ಸೇರೋಣ? ನಮ್ಮ ಮನೆಯ ಜಾಗವನ್ನು ಆರಿಸಿದವನು ಮೂರನೇ ತರಗತಿಯ ಮಗ. ಜಾಗ ಚೆನ್ನಾಗಿಯೇ ಇದೆ.