ಇಲಿಯ ಸಿಳ್ಳೆ, ಹಸುವಿನ ಹಲ್ಲು

ಲೋಕವನ್ನೆಲ್ಲ ನಗಿಸಿದ ಒಂದು ಇಲಿಯ ಮೇಲೆ ನನಗೊಂದು ತಕರಾರಿದೆ. ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಥಿಯೇಟರಿನಲ್ಲಿ ತೆರೆ ಕಂಡ, ಎಂಟು ನಿಮಿಷವೂ ತುಂಬದ ಕಪ್ಪು ಬಿಳುಪು ಕಾರ್ಟೂನು. ಬಹುಪಾಲು ಗೀಟು ಎಳೆದವನು ಅಬ್ ಐವರ್ಕ್ಸ್, ಹೆಸರಾದವನು ವಾಲ್ಟ್ ಡಿಸ್ನಿ. ಇರಲಿ, ಅಂಥ ಕಥೆ ನಮಗೇನು ಹೊಸದಲ್ಲ.

ಮಿಕ್ಕಿ ಇಲ್ಲಿ ಹಡಗಿನ ಆಳು. ಚುಕ್ಕಾಣಿ ಹಿಡಿದು ಸಿಳ್ಳೆ ಹಾಕುತ್ತಾನೆ. ದಢೂತಿ ಕ್ಯಾಪ್ಟನ್ ಪೀಟ್ ಬಂದು ಕೆಳಕ್ಕೆ ಅಟ್ಟುತ್ತಾನೆ. ಆಳು ತನ್ನ ಜಾಗದಲ್ಲಿ ನಿಂತು ಖುಷಿಪಡೋದನ್ನ ಯಾವ ಯಜಮಾನ ಸಹಿಸಿದ್ದಾನೆ? ಅಲ್ಲೀತನಕ ನಾನು ಇಲಿಯ ಪಕ್ಷ.

ಆಮೇಲೆ ನೋಡಿ. ಆಡೊಂದು ಹಾಡಿನ ಹಾಳೆಯನ್ನೂ ವಾದ್ಯವನ್ನೂ ತಿಂದುಬಿಡುತ್ತದೆ. ಅದರ ಬಾಲ ತಿರುವಿದರೆ ಗ್ರಾಮಫೋನಿನ ಹಾಗೆ ಬಾಯಿಂದ ಹಾಡು. ಮಿಕ್ಕಿಗೆ ಹುರುಪು ಹತ್ತುತ್ತದೆ. ಬೆಕ್ಕಿನ ಬಾಲ ಜಗ್ಗಿ ಕಿರುಚಿಸುತ್ತಾನೆ. ಹೆಬ್ಬಾತನ್ನು ಹಿಸುಕಿ ಊದಿಸುತ್ತಾನೆ. ಹಾಲು ಕುಡಿಯುತ್ತಿರುವ ಹಂದಿಮರಿಗಳ ಬಾಲ ಎಳೆದು, ಅವನ್ನು ಒದ್ದು, ತಾಯಿಹಂದಿಯನ್ನೇ ಹಾರ್ಮೋನಿಯಂ ಮಾಡಿಕೊಳ್ಳುತ್ತಾನೆ. (ಮುಂದೆ ಟೆಲಿವಿಷನ್ನಿಗೆ ಕೊಡುವಾಗ ಈ ತುಂಡನ್ನು ಕತ್ತರಿಸಿದರು.) ಕೊನೆಗೆ ಹಸುವಿನ ಬಾಯಿ ಅಗಲಿಸಿ ಹಲ್ಲುಗಳ ಮೇಲೆ ಬಾರಿಸುತ್ತಾನೆ.

ನಗು ಬರುತ್ತದೆ. ತಾಳ ಒಂದಿಷ್ಟೂ ತಪ್ಪುವುದಿಲ್ಲವಲ್ಲ! ನಮ್ಮಪ್ಪ ತಮಟೆ ಬಡಿದೋನು. ಸತ್ತ ದನದ ಚರ್ಮ ಹದ ಮಾಡಿ, ಬೆಂಕಿಗೆ ಹಿಡಿದು ಕಾಯಿಸಿ ನಾದ ಹೊರಡಿಸುವ ಕಷ್ಟ ನಮ್ಮ ಕೇರಿಗೆ ಗೊತ್ತು. ಇಲ್ಲಿ ಬದುಕಿರುವ ಮೈಯೇ ವಾದ್ಯ. ಕಾರ್ಟೂನಿಗೆ ದನಿ ಬಂತು ಅಂತ ಜನ ಹಿಗ್ಗಿದರು. ದನಿ ಬಂದಾಗ ಕೆಳಗಿನವರ ಪಾಲಿಗೆ ಸಿಕ್ಕಿದ್ದು ಕಿರುಚುವ ಕೆಲಸ. ಇದು ಅರ್ಥವಾಗಲು ನನಗೆ ಅಮೆರಿಕದ ಪಂಡಿತರು ಬೇಕಿಲ್ಲ, ಬಾಬಾಸಾಹೇಬರು ತೋರಿಸಿಕೊಟ್ಟ ಶ್ರೇಣೀಕೃತ ಅಸಮಾನತೆ ಸಾಕು. ಮೇಲಿನವನಿಂದ ಒದೆ ತಿಂದೋನಿಗೂ ಒದೆಯಲು ಕೆಳಗೆ ಒಬ್ಬ ಸಿಗ್ತಾನೆ ಅನ್ನೋ ಸಮಾಧಾನ ಇದೆಯಲ್ಲ, ಏಣಿ ನಿಂತಿರೋದೇ ಅದರ ಮೇಲೆ.

ಬಾರಿಸಿದ ರಾಗವಾದರೂ ಎಂಥದು? ‘ಟರ್ಕಿ ಇನ್ ದ ಸ್ಟ್ರಾ’. 1830ರ ದಶಕದಲ್ಲಿ ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಇದೇ ರಾಗದಲ್ಲಿ ‘ಜಿಪ್ ಕೂನ್’ ಎಂಬ ಹಾಡು ಹಾಡುತ್ತಿದ್ದರು. ಗೇಲಿ ಯಾರಿಗೆ? ಗುಲಾಮಗಿರಿಯ ಹೊರಗಿದ್ದು, ಠಾಕುಠೀಕಾಗಿ ಬಟ್ಟೆ ತೊಟ್ಟ ಕಪ್ಪು ಮನುಷ್ಯನಿಗೆ. ಕೇರಿಯ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಳಿದಾಗ ಅರಳಿಕಟ್ಟೆ ಕಡೆಯಿಂದ ಒಂದು ನಗು ಬರುತ್ತದಲ್ಲ, ಅದೇ. ಹಾಡಿನ ಮಾತು ದಡದಲ್ಲೇ ಉಳಿದು, ರಾಗ ಮಾತ್ರ ಮಿಕ್ಕಿಯ ಹಡಗು ಹತ್ತಿತು.

ಕೊನೆಯಲ್ಲಿ ಪೀಟ್ ಇವನನ್ನು ಆಲೂಗಡ್ಡೆ ಸುಲಿಯಲು ಕೂರಿಸುತ್ತಾನೆ. ಕಿಟಕಿಯಿಂದ ಗಿಳಿಯೊಂದು ಅಣಕಿಸುತ್ತದೆ. ಮಿಕ್ಕಿ ಆಲೂಗಡ್ಡೆ ಬೀಸಿ ಒಗೆದು ಅದನ್ನು ನೀರಿಗೆ ಕೆಡವಿ ನಗುತ್ತಾನೆ. ಕ್ಯಾಪ್ಟನ್ ಕಡೆಗೆ ಒಂದು ಸಿಪ್ಪೆಯನ್ನೂ ಎಸೆಯುವುದಿಲ್ಲ.

2024ರ ಜನವರಿ 1ರಂದು ಅಮೆರಿಕದಲ್ಲಿ ಈ ಚಿತ್ರದ ಹಕ್ಕುಸ್ವಾಮ್ಯ ಮುಗಿಯಿತು. ಅಲ್ಲಿ ಯಾರು ಬೇಕಾದರೂ ಇದನ್ನು ತಿರುಗಿ ಬರೆಯಬಹುದು. ನನ್ನ ಕೈಗೆ ಕೊಟ್ಟರೆ ಹಸುವಿನಿಂದ ಶುರು ಮಾಡುತ್ತೇನೆ. ಹೊಟ್ಟೆ ಬೆನ್ನಿಗೆ ಹತ್ತಿ, ಹೊಳೆದಂಡೆಯಲ್ಲಿ ಹಡಗಿಗೆ ಕಾಯುತ್ತ ನಿಂತಿರುತ್ತದಲ್ಲ, ಅಲ್ಲಿಂದ.