ಮೂರನೆಯ ವೇಷ

ರೋಬೋ ಕಾರಾಗುವುದು ಈಗ ದೊಡ್ಡ ಸಂಗತಿಯಲ್ಲ. ಕಾಲು ಮಡಚಿ, ತಲೆಯನ್ನು ಒಳಗೆ ತಳ್ಳಿ, ಕೈಗಳನ್ನು ಪಕ್ಕೆಗೆ ಒತ್ತಿದರೆ ಕಾರಿನಂಥದ್ದೇನೋ ಒಂದು ಸಿಗುತ್ತದೆ. ಆಟಿಕೆ ಮಾಡುವವರು ಈ ಲೆಕ್ಕವನ್ನು ನಲವತ್ತು ವರ್ಷಗಳಿಂದ ಮಾಡಿ ಮಾಡಿ ಪಳಗಿದ್ದಾರೆ. ಅದೇ ರೋಬೋ ಕಾರೂ ಆಗಬೇಕು, ಹೆಲಿಕಾಪ್ಟರೂ ಆಗಬೇಕು ಎಂದಾಗ ತಾಪತ್ರಯ ಶುರುವಾಗುತ್ತದೆ. ಎರಡು ರೂಪಗಳಲ್ಲಿ ಒಂದರ ಹುಳುಕನ್ನು ಇನ್ನೊಂದರ ಹೊಟ್ಟೆಯಲ್ಲಿ ಬಚ್ಚಿಡಬಹುದು. ಮೂರನೆಯದು ಬಂದ ಕೂಡಲೇ ಬಚ್ಚಿಡಲು ಜಾಗವಿಲ್ಲ.

ಯಕ್ಷಗಾನದ ಕಲಾವಿದನಿಗೆ ಚೌಕಿ ಇದೆ. ಒಂದು ವೇಷ ಕಳಚಿಟ್ಟು ಇನ್ನೊಂದನ್ನು ಕಟ್ಟಿಕೊಂಡು ರಂಗಕ್ಕೆ ಬರಬಹುದು. ಈ ಗೊಂಬೆಗೆ ಚೌಕಿ ಇಲ್ಲ. ಮೂರೂ ವೇಷದ ಸಾಮಾನು ಸದಾ ಮೈಮೇಲೆಯೇ ಇರಬೇಕು. ಹೆಲಿಕಾಪ್ಟರಿನ ರೆಕ್ಕೆ ರೋಬೋ ಆದಾಗ ಎಲ್ಲಿಗೆ ಹೋಯಿತು, ಕಾರಾದಾಗ ಎಲ್ಲಿ ಅಡಗಿತು ಎಂಬ ಪ್ರಶ್ನೆಯೇ ಈ ಆಟಿಕೆಯ ಅರ್ಧ ವಿಮರ್ಶೆ. ಹೀಗೆ ಅಡಗಲಾರದೆ ಬೆನ್ನಿಗೋ ತೋಳಿಗೋ ಜೋತುಬಿದ್ದ ತುಣುಕುಗಳಿಗೆ ಸಂಗ್ರಾಹಕರು ಇಟ್ಟ ಹೆಸರು ‘ಕಿಬಲ್’. ಕಿಬಲ್ ಇದ್ದರೆ ಸಹಿಸುತ್ತಾರೆ. ತುಣುಕನ್ನು ಕಿತ್ತು ತೆಗೆದು ಬೇರೆ ಕಡೆ ಸಿಕ್ಕಿಸಿ ರೂಪ ಬದಲಿಸುವುದನ್ನು ಮಾತ್ರ ಅವರಲ್ಲಿ ಹಲವರು ಮೋಸ ಎಂದೇ ಕರೆಯುತ್ತಾರೆ.

ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋ ಚೇಂಜ್ ಎಂಬ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೋ ಕೊಂಡು ತಂದು, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೊಸ ಹೆಸರಿನಲ್ಲಿ ಮಾರಿತು. ಮರುವರ್ಷ ಮೂರು ರೂಪದ ಗೊಂಬೆಗಳು ಬಂದವು. ಅವಕ್ಕೆ ಟ್ರಿಪಲ್ ಚೇಂಜರ್ ಎಂದು ಹೆಸರು. ಮೊದಲ ಜೋಡಿ ಬ್ಲಿಟ್ಜ್‌ವಿಂಗ್ ಮತ್ತು ಆಸ್ಟ್ರೋಟ್ರೇನ್. ಬ್ಲಿಟ್ಜ್‌ವಿಂಗ್ ಟ್ಯಾಂಕೂ ಹೌದು, ಜೆಟ್ ವಿಮಾನವೂ ಹೌದು. ಟ್ಯಾಂಕ್ ಜಪಾನಿ ಸೇನೆಯ ಟೈಪ್ 74, ವಿಮಾನ ಸೋವಿಯತ್ ಒಕ್ಕೂಟದ ಮಿಗ್-25. ಶೀತಲ ಸಮರದ ಎರಡು ಬಣಗಳು ಒಂದೇ ಪ್ಲಾಸ್ಟಿಕ್ ಮೈಯಲ್ಲಿ! ಆಸ್ಟ್ರೋಟ್ರೇನ್ ಇನ್ನೂ ವಿಚಿತ್ರ. ಅದು ಜಪಾನಿ ಉಗಿಬಂಡಿ ಮತ್ತು ಸ್ಪೇಸ್ ಶಟಲ್. ಜಪಾನಿನ ಸರ್ಕಾರಿ ರೈಲ್ವೆ ಉಗಿಬಂಡಿಗಳಿಗೆ ವಿದಾಯ ಹೇಳಿದ್ದು 1970ರ ದಶಕದ ನಡುವಿನಲ್ಲಿ. ಶಟಲ್ ಮೊದಲು ಬಾಹ್ಯಾಕಾಶಕ್ಕೆ ಹೋದದ್ದು 1981ರಲ್ಲಿ. ತಾತನ ಕಾಲವೂ ಮೊಮ್ಮಗನ ಕಾಲವೂ ಒಂದೇ ಕೀಲಿನ ಆಚೆ ಈಚೆ. ಮೇಲಿನಿಂದ ನೋಡಿದರೆ ಈ ಜೋಡಣೆಗೆ ಅರ್ಥವಿಲ್ಲ ಅನಿಸುತ್ತದೆ, ಆದರೆ ಎರಡೂ ಮೂಲದಲ್ಲಿ ಉದ್ದನೆಯ ಕೊಳವೆಗಳೇ ತಾನೆ. ಒಂದಕ್ಕೆ ಗಾಲಿ, ಇನ್ನೊಂದಕ್ಕೆ ರೆಕ್ಕೆ.

1986ರಲ್ಲಿ ಬಂದ ಸ್ಪ್ರಿಂಗರ್ ಬೇರೆ ಜಾತಿಯದು. ಹಸಿರು ಮೈ, ಕಾರು ಮತ್ತು ಹೆಲಿಕಾಪ್ಟರ್. ಅದರ ಕಾರು ಯಾವ ಕಂಪನಿಯೂ ಮಾಡದ, ಯಾವ ರಸ್ತೆಯಲ್ಲೂ ಓಡದ ಕಾರು. ಹೀಗಾಗಿ ‘ಇದು ಕಾರಿನ ಹಾಗಿಲ್ಲ’ ಎಂದು ಯಾರೂ ತಕರಾರು ತೆಗೆಯುವಂತಿಲ್ಲ. 2013ರಲ್ಲಿ ಇದೇ ಪಾತ್ರಕ್ಕೆ ಹ್ಯಾಸ್ಬ್ರೋ ಹೊಸ ಗೊಂಬೆ ಮಾಡಿದಾಗ ಸಂಗ್ರಾಹಕರು ಅದನ್ನು ತಲೆಮೇಲೆ ಹೊತ್ತು ಮೆರೆಸಿದರು. ಮೆರೆಸುವಂಥದ್ದೇ. ಆದರೂ ನ್ಯಾಯ ಹೇಳಬೇಕೆಂದರೆ ಸ್ಪ್ರಿಂಗರ್ ತಾನೇ ಬರೆದುಕೊಂಡ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಿದೆ. ಬ್ಲಿಟ್ಜ್‌ವಿಂಗ್ ಬೇರೆಯವರು ಕೊಟ್ಟ ಪತ್ರಿಕೆಯಲ್ಲಿ ಐವತ್ತು ಅಂಕ ತೆಗೆದಿದೆ. ಯಾವುದು ಹೆಚ್ಚು ಎಂದು ಕೇಳಿದರೆ ಐವತ್ತರ ಕಡೆಗೇ ಮನಸ್ಸು ವಾಲುತ್ತದೆ.

ರೂಪಗಳ ಎಣಿಕೆ ಏರಿದಂತೆ ಲೆಕ್ಕ ಬೇರೆಯಾಗುತ್ತದೆ. 1987ರ ಸಿಕ್ಸ್‌ಶಾಟ್‌ಗೆ ಆರು ರೂಪ: ರೋಬೋ, ಟ್ಯಾಂಕ್, ಗಾಲಿಬಂಡಿ, ಆಕಾಶನೌಕೆ, ಪಿಸ್ತೂಲು ಮತ್ತು ರೆಕ್ಕೆಯ ತೋಳ. ಕೈಯಲ್ಲಿ ಹಿಡಿದು ಒಂದೊಂದಾಗಿ ತಿರುಗಿಸುತ್ತ ಹೋದರೆ ಗೊತ್ತಾಗುವುದು, ಕಾಲನ್ನು ಹಿಂದಕ್ಕೆ ಮಡಚಿದರೆ ಟ್ಯಾಂಕ್, ಮುಂದಕ್ಕೆ ಚಾಚಿದರೆ ಮತ್ತೇನೋ. ಆರರಲ್ಲಿ ಎರಡೋ ಮೂರೋ ನಿಜವಾದ ರೂಪಗಳು, ಉಳಿದವು ಡಬ್ಬಿಯ ಮೇಲಿನ ಸಂಖ್ಯೆಗಾಗಿ. ಆದರೂ ಈ ಗೊಂಬೆಯ ಮೇಲೆ ಸಿಟ್ಟು ಬರುವುದಿಲ್ಲ. ಅಷ್ಟು ರಾಜಾರೋಷವಾಗಿ ಸುಳ್ಳು ಹೇಳುವವರ ಮೇಲೆ ಯಾರಿಗೂ ಬರುವುದಿಲ್ಲ.

ಭಾಷೆಯಲ್ಲೂ ಇಂಥ ಯಂತ್ರಗಳನ್ನು ಕಟ್ಟಿದವರಿದ್ದಾರೆ. ವಿಜಯನಗರದ ಕೊನೆಗಾಲದಲ್ಲಿದ್ದ ಚಿದಂಬರ ಕವಿಯ ‘ರಾಘವಪಾಂಡವಯಾದವೀಯ’ ಎಂಬ ಸಂಸ್ಕೃತ ಕಾವ್ಯ ಒಂದೇ ಪದ್ಯದಲ್ಲಿ ರಾಮಾಯಣ, ಭಾರತ, ಭಾಗವತ ಮೂರನ್ನೂ ಹೇಳುತ್ತದೆ. ಪದವನ್ನು ಒಡೆಯುವ ಜಾಗ ಬದಲಾದರೆ ಕಥೆಯೇ ಬದಲಾಗುತ್ತದೆ. ಅಲ್ಲಿಯೂ ಇದೇ ಸಂಕಟ: ಎರಡು ಕಥೆಗೆ ಸಲೀಸಾಗಿ ಬಗ್ಗಿದ ಪದ ಮೂರನೆಯದಕ್ಕೆ ಬಗ್ಗುವಾಗ ಕಿರ್ರೆನ್ನುತ್ತದೆ. ಓದುವವನು ಆ ಸದ್ದನ್ನು ಕ್ಷಮಿಸುವುದು ಸಾಹಸಕ್ಕಾಗಿ.

ಮಕ್ಕಳು ಹಾಗೆ ಕ್ಷಮಿಸುವುದಿಲ್ಲ. ಡೊಂಬಿವಲಿಯ ಒಂದು ಮನೆಯಲ್ಲಿ ನಲವತ್ತರ ಆಸುಪಾಸಿನ ಮಾವನೊಬ್ಬ ಸೆಕೆಂಡ್‌ಹ್ಯಾಂಡ್ ಬ್ಲಿಟ್ಜ್‌ವಿಂಗ್ ಒಂದನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದ. ಸೊಂಟದ ಕೀಲಿನ ಹತ್ತಿರ ಪ್ಲಾಸ್ಟಿಕ್ ಬೆಳ್ಳಗಾಗಿತ್ತು, ಅಂದರೆ ಅಲ್ಲಿ ಒತ್ತಡ ಬಿದ್ದಿದೆ, ಇನ್ನೊಂದು ಸಲ ತಪ್ಪು ಕಡೆಗೆ ತಿರುಗಿಸಿದರೆ ಪಟ್ಟನೆ ಹೋದೀತು. ಇದೇ ಸ್ಥಿತಿಯಲ್ಲಿ ಮಾರಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಡೆದರೆ ಬಿಡಿಭಾಗ ಸಿಗುವುದು ಕನಸು. ಎಂಟು ವರ್ಷದ ಸೊಸೆ ಬಂದು ಪಕ್ಕದಲ್ಲಿ ಕೂತಳು. ಮಾವ ವಿಮಾನ ಮಾಡಿ ತೋರಿಸಿದ. ಅವಳು ಅದನ್ನು ಎತ್ತಿ, ತಲೆಯ ಮೇಲೆ ಹಿಡಿದು, ಕತ್ತು ಎತ್ತಿ ನೋಡಿದಳು.

“ಮಾಮ, ಕೆಳಗಡೆ ಟ್ಯಾಂಕ್ ಹಾಗೇ ಇದೆಯಲ್ಲ!”

“ಅದನ್ನ ಮೇಲಿಂದ ನೋಡಬೇಕು ಪುಟ್ಟಿ.”

“ವಿಮಾನಾನ ಎಲ್ಲರೂ ಕೆಳಗಿಂದಾನೇ ನೋಡೋದು.”

ಮಾವ ಸುಮ್ಮನಾದ. ರೆಕ್ಕೆಯ ಅಡಿಯಲ್ಲಿ ಟ್ಯಾಂಕಿನ ಪಟ್ಟಿಗಳು ಜೋತಾಡುವುದು ಆ ಗೊಂಬೆಯ ಹುಟ್ಟುಗುಣ. ಡಬ್ಬಿಯ ಚಿತ್ರಕಾರನಾಗಲಿ, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವವರಾಗಲಿ ಆ ಕಡೆಯಿಂದ ನೋಡುವುದಿಲ್ಲ. ಆದರೆ ಆಟಿಕೆಯನ್ನು ಕೈಯಲ್ಲಿ ಹಿಡಿದು ಹಾರಿಸುವವರು ಮೊದಲು ನೋಡುವುದೇ ಅಲ್ಲಿಂದ.

ಆಮೇಲೆ ಅವಳೇ ತಿರುಗಿಸತೊಡಗಿದಳು. ಮಾವನ ಕಣ್ಣು ಆ ಬಿಳಿಗೆರೆಯ ಮೇಲೆಯೇ. ‘ಮೆಲ್ಲಗೆ’ ಎಂದು ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ. ವಿಮಾನದ ಮೂತಿ ಹಾಗೇ ಇದೆ, ಕೆಳಗೆ ರೋಬೋನ ಕಾಲುಗಳು ಬಂದಿವೆ, ಅಷ್ಟಕ್ಕೇ ಅವಳು ನಿಲ್ಲಿಸಿದಳು. “ಆಯ್ತು” ಎಂದಳು. ಮಾವ ಸೂಚನೆಯ ಹಾಳೆ ಮುಂದಿಟ್ಟ. ಅವಳು ಅದನ್ನು ತಿರುಗಿಯೂ ನೋಡಲಿಲ್ಲ. ಅವಳ ಪಾಲಿಗೆ ಅದು ಅರ್ಧ ಆದದ್ದಲ್ಲ, ಕಾಲಿರುವ ವಿಮಾನ.

ತಮಾಷೆಯೆಂದರೆ, ಈ ಕಾಲಿರುವ ವಿಮಾನ ಜಪಾನಿನಲ್ಲಿ ಬ್ಲಿಟ್ಜ್‌ವಿಂಗ್‌ಗಿಂತ ಮೊದಲೇ ಇತ್ತು. 1982ರ ‘ಮ್ಯಾಕ್ರಾಸ್’ ಎಂಬ ಟಿವಿ ಧಾರಾವಾಹಿಗಾಗಿ ಶೋಜಿ ಕವಾಮೊರಿ ಎಂಬ ವಿನ್ಯಾಸಕಾರ ರೂಪಿಸಿದ ವಾಲ್ಕಿರಿ ಯುದ್ಧವಿಮಾನಕ್ಕೆ ಮೂರು ರೂಪ: ವಿಮಾನ, ರೋಬೋ, ನಡುವೆ ಕೈಕಾಲು ಬಂದ ವಿಮಾನ. ಆ ನಡುವಿನದಕ್ಕೆ ಗರ್ವಾಕ್ ಎಂದು ಹೆಸರು. ಮೂರನೆಯ ರೂಪಕ್ಕಾಗಿ ಹೊಸ ಸಾಮಾನನ್ನು ಮೈಮೇಲೆ ಹೇರದೆ, ದಾರಿಯ ಮಧ್ಯದ ನಿಲ್ದಾಣವನ್ನೇ ಊರು ಎಂದು ಕರೆದ ಉಪಾಯ ಅದು. ಕಿಬಲ್ ಇಲ್ಲ, ಸುಳ್ಳೂ ಇಲ್ಲ. ವಾಲ್ಕಿರಿಯ ಆಟಿಕೆಯನ್ನೇ ಹ್ಯಾಸ್ಬ್ರೋ 1985ರಲ್ಲಿ ಜೆಟ್‌ಫೈರ್ ಎಂಬ ಹೆಸರಿನಲ್ಲಿ ಮಾರಿತು. ಕವಾಮೊರಿ ತನ್ನ ಕಲ್ಪನೆಗಳನ್ನು ಲೆಗೋ ಇಟ್ಟಿಗೆಗಳಲ್ಲಿ ಕಟ್ಟಿ, ಮಡಚಿ, ತಿರುಗಿಸಿ ನೋಡುವವರು. ಕಾಗದದ ಮೇಲೆ ಎಲ್ಲ ಕೀಲೂ ತಿರುಗುತ್ತದೆ, ಕೈಗೆ ತಗಲುವುದು ಇಟ್ಟಿಗೆಯಲ್ಲಿ ಮಾತ್ರ.

ಹಳೆಯ ಗೊಂಬೆ ಕೊಳ್ಳುವವರೂ ಕೈಯನ್ನೇ ನಂಬುವುದು ಒಳ್ಳೆಯದು. ಕಟಕಟ ಸದ್ದಿನ ಹಲ್ಲಿನ ಕೀಲು ಸಾಮಾನ್ಯವಾಗಿ ಬಾಳುತ್ತದೆ. ಗುಂಡು ಕೀಲು ಸಡಿಲವಾಗುತ್ತದೆ, ಆದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಹಚ್ಚಿ ಒಣಗಿಸಿದರೆ ಮತ್ತೆ ಬಿಗಿಯಾಗುತ್ತದೆ. ಚಿನ್ನದ ಮಿನುಗು ಬೆರೆತ ಪ್ಲಾಸ್ಟಿಕ್ ಮಾತ್ರ ಅಪಾಯ. 1980ರ ಕೊನೆ ಮತ್ತು 90ರ ದಶಕದ ಕೆಲವು ಗೊಂಬೆಗಳಲ್ಲಿ ಅದು ತಾನಾಗಿ ಹಪ್ಪಳದಂತಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಅಂಥದ್ದನ್ನು ಡಬ್ಬಿಯಿಂದ ತೆಗೆಯದೆ ಇಟ್ಟವರಿಗೂ ಅದೇ ಗತಿ.

ಬ್ಲಿಟ್ಜ್‌ವಿಂಗ್‌ನ ಆ ಸೊಂಟದ ಕೀಲು ಇನ್ನೂ ಗಟ್ಟಿಯಾಗಿದೆ. ಬಿಳಿಗೆರೆ ಒಂದಿಷ್ಟು ಉದ್ದವಾಗಿದೆ. ಮಾರಾಟಕ್ಕೆಂದು ತೆಗೆದ ಫೋಟೋಗಳು ಮಾವನ ಫೋನಿನಲ್ಲೇ ಇವೆ. ಗೊಂಬೆ ಮಾತ್ರ ಸೊಸೆಯ ಪುಸ್ತಕದ ಕಪಾಟಿನ ಮೇಲೆ, ಕಾಲು ಬಂದ ವಿಮಾನವಾಗಿ ನಿಂತಿದೆ.