ಎರಡು ಕಡಲುಗಳ ನಡುವಿನ ಕೊರಿಂಥ



ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರಗಳ ವಾಚನವನ್ನು ಭಾನುವಾರದ ಬಲಿಪೂಜೆಯಲ್ಲಿ ನೀವು ಎಷ್ಟೋ ಬಾರಿ ಆಲಿಸಿದ್ದೀರಿ. ಆ ಕೊರಿಂಥದ ನೆಲ ಎಂಥದು ಎಂದು ಎಂದಾದರೂ ಯೋಚಿಸಿದ್ದೀರಾ? ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನಾನೇ ಯೋಚಿಸಿರಲಿಲ್ಲ. ತರಗತಿಯ ಗೋಡೆಯ ಮೇಲೆ ಪೌಲರ ಪ್ರಯಾಣಗಳ ಭೂಪಟ ತೂಗುತ್ತಿತ್ತು. ಅದರ ಕೆಂಪು, ನೀಲಿ ಗೆರೆಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೆ.

ಮುಂದೆ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದನ್ನು ಹೊಳೆಯೊಂದು ಎರಡು ಭಾಗ ಮಾಡಿತ್ತು. ಮಳೆಗಾಲದಲ್ಲಿ ದೋಣಿ ನಿಂತರೆ ಆಚೆ ದಡದ ಕುಟುಂಬಗಳಿಗೆ ವಾರಗಟ್ಟಲೆ ಪೂಜೆಯಿಲ್ಲ. ಹಬ್ಬದ ಮೆರವಣಿಗೆ ಯಾವ ದಡದಿಂದ ಹೊರಡಬೇಕೆಂಬ ವಿಷಯದಲ್ಲಿ ಒಂದು ವರ್ಷ ಮನಸ್ತಾಪ ಬೆಳೆದು, ಎರಡೂ ಕಡೆಯವರು ಮಾತು ಬಿಟ್ಟರು. ನನಗೆ ಕೋಪ ಬಂದಿತ್ತು. ತಾನು ಪೌಲನ ಕಡೆಯವನು, ತಾನು ಅಪೊಲೋಸನ ಕಡೆಯವನು, ತಾನು ಕೇಫನ ಕಡೆಯವನು ಎಂದು ಕಚ್ಚಾಡಿದ ಕೊರಿಂಥದವರ ಪ್ರಸಂಗವನ್ನೇ ಬೆತ್ತ ಮಾಡಿಕೊಂಡು ಪ್ರಬೋಧನೆಯಲ್ಲಿ ಎಲ್ಲರಿಗೂ ಬೀಸಿದೆ. ಪೂಜೆ ಮುಗಿದ ಮೇಲೆ ಆಚೆ ದಡದ ಹಿರಿಯರೊಬ್ಬರು ಬಳಿಗೆ ಬಂದು, "ಸ್ವಾಮಿ, ಅವರೂ ನಮ್ಮ ಹಾಗೆ ಹೊಳೆಯ ಆಚೆ ಈಚೆ ಇದ್ದವರೇ?" ಎಂದು ಕೇಳಿದರು. "ಇಲ್ಲ ಅಜ್ಜ, ಅವರೆಲ್ಲ ಒಂದೇ ಪಟ್ಟಣದವರು" ಎಂದೆ. ಅವರು ತಲೆಯಾಡಿಸಿ ಹೊರಟುಹೋದರು. ನನ್ನ ಉತ್ತರ ಸುಳ್ಳಲ್ಲ. ಆದರೆ ಏನನ್ನೂ ತಿಳಿಯದೆ ಕೊಟ್ಟ ಉತ್ತರವದು. ಆ ಪ್ರಶ್ನೆಯೇ ನನ್ನನ್ನು ಮತ್ತೆ ಭೂಪಟದ ಮುಂದೆ ಕೂರಿಸಿತು.

ಗ್ರೀಸಿನ ನೆಲದ ಬಹುಪಾಲು ಬೆಟ್ಟಗುಡ್ಡ. ಉತ್ತರದಲ್ಲಿ 2,900 ಮೀಟರಿಗೂ ಎತ್ತರದ ಒಲಿಂಪಸ್. ನಾಡಿನ ಬೆನ್ನೆಲುಬಿನಂತೆ ಪಿಂಡಸ್ ಶ್ರೇಣಿ. ಇವುಗಳ ಸಂದಿನಲ್ಲಿ ಅಂಗೈಯಗಲದ ಬಯಲುಗಳು. ತೊರೆಗಳಲ್ಲಿ ಬಹಳಷ್ಟು ಬೇಸಿಗೆಯಲ್ಲಿ ಬತ್ತುತ್ತವೆ, ದೋಣಿ ನಡೆಯದು. ಹೀಗಾಗಿ ಒಂದೊಂದು ಬಯಲೂ ತನ್ನದೇ ಕೋಟೆ, ತನ್ನದೇ ಕಾನೂನು, ತನ್ನದೇ ಪಂಚಾಂಗ ಇಟ್ಟುಕೊಂಡು ಒಂದು ನಗರರಾಜ್ಯವಾಯಿತು. ಪ್ರಾಚೀನ ಗ್ರೀಕರಲ್ಲಿ ಅಂಥವು ಸಾವಿರಕ್ಕೂ ಹೆಚ್ಚು. ಭಾಷೆ ಒಂದೇ, ಪೂಜಿಸುವ ದೇವರುಗಳು ಬಹುಮಟ್ಟಿಗೆ ಒಂದೇ, ಒಲಿಂಪಿಯದ ಕ್ರೀಡೆಗೆ ಎಲ್ಲರೂ ಸೇರುತ್ತಿದ್ದರು. ಆದರೂ ಅವರು ಒಂದು ರಾಜ್ಯವಾಗಲಿಲ್ಲ. ಬೆಟ್ಟಗಳೇ ಪ್ರಜಾಪ್ರಭುತ್ವವನ್ನು ಹೆತ್ತವು ಎಂದು ಬರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಅಥೆನ್ಸಿನಂತೆಯೇ ಬೆಟ್ಟಗಳ ನಡುವೆ ಬೆಳೆದ ಸ್ಪಾರ್ಟ, ತೈಗೆಟಸ್ ಪರ್ವತವನ್ನು ದಾಟಿಹೋಗಿ ಮೆಸ್ಸೇನಿಯದ ಜನರನ್ನು ಜೀತಕ್ಕೆ ಹೂಡಿತು.

ಬೆಟ್ಟ ಬೇರ್ಪಡಿಸಿದವರನ್ನು ಕಡಲು ಹತ್ತಿರ ತಂದಿತು. ತೆಳುವಾದ ಆ ಮಣ್ಣಿನಲ್ಲಿ ಬಾರ್ಲಿ, ದ್ರಾಕ್ಷಿ, ಒಲಿವ್ ಬೆಳೆಯುತ್ತಿದ್ದವೇ ಹೊರತು ದೊಡ್ಡ ಪಟ್ಟಣವನ್ನು ಸಲಹುವಷ್ಟು ಗೋಧಿಯಲ್ಲ. ಅಥೆನ್ಸಿನವರ ರೊಟ್ಟಿಗೆ ಕಪ್ಪು ಸಮುದ್ರದ ತೀರದಿಂದ ಧಾನ್ಯ ಬರಬೇಕಾಗಿತ್ತು. ಕೊರಿಂಥದವರು ಕ್ರಿ.ಪೂ. 8ನೇ ಶತಮಾನದಲ್ಲೇ ಸಿಸಿಲಿಗೆ ಹೋಗಿ ಸಿರಾಕ್ಯೂಸ್ ಪಟ್ಟಣವನ್ನು ಕಟ್ಟಿದರು. ಕೊಳದ ಸುತ್ತ ಕುಳಿತ ಕಪ್ಪೆಗಳ ಹಾಗೆ ಕಡಲಿನ ಸುತ್ತ ವಾಸಿಸುವವರೆಂಬ ಹೋಲಿಕೆಯನ್ನು ಪ್ಲೇಟೋ ಸಾಕ್ರೆಟಿಸನ ಬಾಯಲ್ಲಿ ಹೇಳಿಸುತ್ತಾನೆ.

ಇನ್ನು ಕೊರಿಂಥ. ದಕ್ಷಿಣದ ಪೆಲೊಪೊನ್ನೀಸನ್ನು ಉಳಿದ ಗ್ರೀಸಿಗೆ ಜೋಡಿಸುವುದು ಸುಮಾರು 6 ಕಿಲೋಮೀಟರ್ ಅಗಲದ ಒಂದು ಭೂಸಂಧಿ. ಅದರ ಬಾಯಲ್ಲೇ ಈ ಊರು. ಪಶ್ಚಿಮದ ಕಡಲಿಗೆ ಲೆಖಾಯೊನ್ ಬಂದರು, ಪೂರ್ವದ ಕಡಲಿಗೆ ಕೆಂಖ್ರೆ ಬಂದರು. ದಕ್ಷಿಣದ ಮಲೇಯ ಭೂಶಿರವನ್ನು ಸುತ್ತುವುದೆಂದರೆ ನಾವಿಕರಿಗೆ ಜೀವಭಯ. ಅದಕ್ಕಾಗಿ ಕ್ರಿ.ಪೂ. 600ರ ಸುಮಾರಿಗೇ ಭೂಸಂಧಿಯ ಮೇಲೆ ಕಲ್ಲುಹಾಸಿನ ದಾರಿಯೊಂದನ್ನು ಹಾಸಿ, ಸರಕುಗಳನ್ನೂ ಕೆಲವೊಮ್ಮೆ ಹಡಗುಗಳನ್ನೇ ಸಹ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ನೆಲದ ಮೇಲೆ ಎಳೆದರು. ಕ್ರಿ.ಶ. 67ರಲ್ಲಿ ನೀರೋ ಚಕ್ರವರ್ತಿ ಅಲ್ಲಿ ಕಾಲುವೆ ತೋಡಲು ಹೊರಟ, ಕೆಲಸ ನಿಂತುಹೋಯಿತು. ಈಗಿರುವ ಕಾಲುವೆ ಪೂರ್ಣಗೊಂಡದ್ದು 1893ರಲ್ಲಿ.

ಹಳೆಯ ಕೊರಿಂಥವನ್ನು ರೋಮನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ನಿರ್ಧಾರದಂತೆ ಅದು ಮತ್ತೆ ತಲೆಯೆತ್ತಿತು. ಅಲ್ಲಿ ನೆಲೆಸಲು ಬಂದವರಲ್ಲಿ ಹೆಚ್ಚಿನವರು ಬಿಡುಗಡೆ ಪಡೆದ ದಾಸರು. ಕ್ರಿ.ಶ. 50ರ ಸುಮಾರಿಗೆ ಪೌಲರು ಅಲ್ಲಿ ಕಾಲಿಟ್ಟಾಗ ಆ ಹೊಸ ಊರಿಗೆ ನೂರು ವರ್ಷವೂ ತುಂಬಿರಲಿಲ್ಲ. ಅವರಿಗೆ ಆಸರೆ ಕೊಟ್ಟ ಅಕ್ವಿಲ ಕಪ್ಪು ಸಮುದ್ರದ ದಂಡೆಯ ಪೊಂತದಲ್ಲಿ ಹುಟ್ಟಿದವನು. ಹೆಂಡತಿ ಪ್ರಿಸಿಲ್ಲಳೊಡನೆ ರೋಮಿನಲ್ಲಿದ್ದು, ಯೆಹೂದ್ಯರನ್ನು ಅಲ್ಲಿಂದ ಹೊರದೂಡಿದಾಗ ಇಲ್ಲಿಗೆ ಬಂದಿದ್ದನು. ಎರಡು ಬಂದರುಗಳ ಆ ಊರಿನಲ್ಲಿ ಡೇರೆ ಹೊಲಿಯುವವರಿಗೆ ಕೆಲಸದ ಕೊರತೆ ಇದ್ದಿರಲಾರದು. ಪೌಲರು ಅಲ್ಲಿ ಒಂದೂವರೆ ವರ್ಷ ನಿಂತರು.

ಅವರ ಪತ್ರಗಳ ವಿಳಾಸಗಳನ್ನೂ ಗಮನಿಸಿ: ಫಿಲಿಪ್ಪಿ, ಥೆಸಲೋನಿಕ, ಕೊರಿಂಥ. ಗಲಾತ್ಯದವರಿಗೆ ಬರೆದದ್ದು ಒಂದು ಪ್ರಾಂತ್ಯಕ್ಕೆ, ನಿಜ. ಕೊರಿಂಥದ ಎರಡನೆಯ ಪತ್ರದಲ್ಲಿ ಅಖಾಯ ಪ್ರಾಂತ್ಯದವರೂ ಸೇರಿದ್ದಾರೆ. ಆದರೂ ಗ್ರೀಕ್ ನಾಡಿನಲ್ಲಿ ಅವರು ಹುಡುಕಿಕೊಂಡು ಹೋದದ್ದು ಊರುಗಳನ್ನು. ಅಲ್ಲಿ ಧರ್ಮಸಭೆ ಬೇರು ಬಿಟ್ಟದ್ದು ಹೆದ್ದಾರಿಯ ಮೇಲೆ, ಬಂದರಿನ ಬಳಿ. ಕೆಂಖ್ರೆ ಬಂದರಿನಲ್ಲೂ ಬೇರೆಯೇ ಒಂದು ಸಭೆಯಿತ್ತು. ಫೊಯಿಬೆ ಎಂಬ ಮಹಿಳೆ ಅದರ ಸೇವಕಿ.

ಇಷ್ಟೆಲ್ಲ ತಿಳಿದ ಮೇಲೆ ನನ್ನ ಆ ಪ್ರಬೋಧನೆಯನ್ನು ನೆನೆದು ನಾಚಿಕೆಯಾಯಿತು. ಕೊರಿಂಥದವರನ್ನು ನಾನು ಬರೀ ಹಟಮಾರಿಗಳನ್ನಾಗಿ ಚಿತ್ರಿಸಿದ್ದೆ. ಅವರೋ ಹತ್ತಾರು ತೀರಗಳಿಂದ ಬಂದವರು. ಒಬ್ಬರ ಅಜ್ಜನ ಊರು ಇನ್ನೊಬ್ಬರಿಗೆ ಗೊತ್ತಿಲ್ಲದವರು. ಪ್ರಭುವಿನ ಭೋಜನಕ್ಕೆ ಉಳ್ಳವರು ಮೊದಲೇ ಬಂದು ಉಂಡು, ಇಲ್ಲದವರು ಹಸಿದು ಕೂರುತ್ತಿದ್ದರೆಂದು ಪೌಲರು ಗದರುತ್ತಾರಲ್ಲವೇ? ಆ ತಡವಾಗಿ ಬಂದವರಲ್ಲಿ ಬಂದರಿನ ಕೂಲಿಗಳೂ ಇದ್ದಿರಬಹುದೆಂದು ನನ್ನ ಊಹೆ. ಪೌಲರು ಗದರಿದ್ದು ಅವರೊಡನೆ ಒಂದೂವರೆ ವರ್ಷ ದುಡಿದು ಉಂಡ ಮೇಲೆ. ನಾನು ಮಳೆಗಾಲದಲ್ಲಿ ಒಮ್ಮೆಯೂ ಆಚೆ ದಡದಲ್ಲಿ ರಾತ್ರಿ ಕಳೆದವನಲ್ಲ.

ವರ್ಷಗಳ ನಂತರ ಆ ಧರ್ಮಕೇಂದ್ರದ ಹಬ್ಬಕ್ಕೆ ಹೋದಾಗ ಹೊಳೆಗೆ ಸೇತುವೆಯಾಗಿತ್ತು. ಅಜ್ಜ ಜಗಲಿಯಲ್ಲಿ ಕುಳಿತಿದ್ದರು. ಅವರ ಹಳೆಯ ಪ್ರಶ್ನೆಯನ್ನು ನೆನಪಿಸಿ, ಎರಡು ಕಡಲುಗಳ ಕಥೆ ಹೇಳಿದೆ. ಚಳಿಗಾಲದಲ್ಲಿ ಅವರ ಹಡಗುಗಳೂ ತಿಂಗಳುಗಟ್ಟಲೆ ನಿಲ್ಲುತ್ತಿದ್ದವು ಎಂದಾಗ ಅವರು ಮುಂದಕ್ಕೆ ಬಾಗಿದರು. "ಆಗ ಪೂಜೆಗೆ ಏನು ಮಾಡುತ್ತಿದ್ದರು, ಸ್ವಾಮಿ?"

"ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು, ಅಜ್ಜ."

"ನಾವೂ ಹಾಗೇ ಮಾಡುತ್ತಿದ್ದೆವು" ಎಂದರು ಅವರು. ಆಚೆ ದಡದ ಆ ಮನೆ ಯಾವುದೆಂದು ನಾನು ಆಗ ಮೊದಲ ಬಾರಿಗೆ ಕೇಳಿದೆ.